ರಾಣಿಯ ಮೈ ಕರಗಿದ ಮಳೆಗಾಲ

ಯಕ್ಷಗಾನದ ಬಣ್ಣದ ಮನೆಗೆ ಚೌಕಿ ಎನ್ನುತ್ತಾರೆ. ಸಂಜೆ ಇಳಿಯುವ ಹೊತ್ತಿಗೆ ಅಲ್ಲಿ ಮೊದಲು ಕೇಳುವುದು ಚೆಂಡೆಯ ಸದ್ದಲ್ಲ, ಕೆನ್ನೆಯ ಮೇಲೆ ಬ್ಲೇಡು ಕೆರೆಯುವ ಸದ್ದು. ರಾಜನಾಗುವವನೂ ರಾಣಿಯಾಗುವವನೂ ಒಂದೇ ಚಾಪೆಯಲ್ಲಿ ಸಾಲಾಗಿ ಕುಳಿತು, ಕೈಗನ್ನಡಿಯನ್ನು ಪೆಟ್ಟಿಗೆಗೆ ಒರಗಿಸಿ, ಮುಖ ನುಣ್ಣಗೆ ಮಾಡಿಕೊಂಡ ಮೇಲೆಯೇ ಬಣ್ಣಕ್ಕೆ ಕೈ ಹಾಕುತ್ತಾರೆ. ಸ್ತ್ರೀವೇಷದವರಿಗೆ ಒಂದು ಸಲ ಕೆರೆದರೆ ಸಾಲದು. ಗಡ್ಡದ ಬೇರಿನ ಹಸಿರು ಬಿಳಿ ಬಣ್ಣದ ಅಡಿಯಿಂದ ಇಣುಕದಂತೆ ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು.

1999ರಲ್ಲಿ, ಮೇಳಗಳು ಊರೂರು ಸುತ್ತಿ ಆಟ ಆಡುವ ತಿರುಗಾಟದ ಹೊತ್ತಿಗೆ, ಬೈಂದೂರು ಕಡೆಯ ಒಂದು ಡೇರೆ ಮೇಳದ ಚೌಕಿಯಲ್ಲಿ ಒಬ್ಬರು ಮಾತ್ರ ಬ್ಲೇಡು ಮುಟ್ಟದೆ ನೇರವಾಗಿ ಮುಖಕ್ಕೆ ಬಿಳಿ ಹಚ್ಚುತ್ತಿದ್ದರು. ಅವರು ಬೀಜಾಡಿ ಪ್ರೇಮಾನಂದ, ಮೇಳದ ಮೊದಲ ಸ್ತ್ರೀವೇಷ. ವಯಸ್ಸು ಇಪ್ಪತ್ತೊಂಬತ್ತು. ಅವರ ಗಲ್ಲ ನೋಡಲೆಂದೇ ಜನ ಚೌಕಿಗೆ ಬರುತ್ತಿದ್ದರು. ಕೂದಲಿನ ಗುರುತೇ ಇಲ್ಲದ ಚರ್ಮ, ತುಂಬಿದ ತೋಳು, ಸೀರೆ ಉಟ್ಟರೆ ತಾನಾಗಿ ನಿಲ್ಲುವ ಸೊಂಟ. ಉಳಿದ ಸ್ತ್ರೀವೇಷದವರು ರವಿಕೆಯೊಳಗೆ ಬಟ್ಟೆಯ ಉಂಡೆ ಇಡುತ್ತಿದ್ದರು. ಪ್ರೇಮಾನಂದರಿಗೆ ಅದೂ ಬೇಕಿರಲಿಲ್ಲ. ವಯಸ್ಸಾದ ಹೆಂಗಸರು ಅವರಿಗೆ ಕೈ ಮುಗಿದು ಹೋಗುತ್ತಿದ್ದರು.

ಮೇಳದ ಮಂದಿಯಲ್ಲಿ ಒಂದು ಹಳೆಯ ನಂಬಿಕೆಯಿದೆ. ಒಂದೇ ವೇಷವನ್ನು ನಿಷ್ಠೆಯಿಂದ ಬಹುಕಾಲ ಕಟ್ಟಿದರೆ ಆ ವೇಷ ಕಲಾವಿದನ ಮೈಗೆ ಹಿಡಿಯುತ್ತದೆ. ರಾಕ್ಷಸನಾಗಿ ಕುಣಿದವನ ಕಣ್ಣು ಹಗಲಿನಲ್ಲೂ ಕೆಂಪಾಗಿಯೇ ಇರುತ್ತದೆ. ಪ್ರೇಮಾನಂದರ ಮೈ ಈ ಮಾತಿಗೆ ಕಣ್ಣೆದುರಿನ ಸಾಕ್ಷಿಯಾಯಿತು. "ವೇಷ ಹಿಡ್ದಿತ್ತ್ ಅವ್ರಿಗ್" ಎಂದು ಶಿರೂರಿನಿಂದ ಬ್ರಹ್ಮಾವರದವರೆಗೆ ಜನ ಹೇಳಿದರು. ಪ್ರೇಮಾನಂದರೂ ಅದನ್ನೇ ನಂಬಿದರು.

ಅದು ಅನುಗ್ರಹವಲ್ಲ, ಕಾಯಿಲೆ ಎಂದು ತಿಳಿಯಲು ಇನ್ನೂ ಆರು ವರ್ಷ ಬೇಕಾಯಿತು.

ಪ್ರೇಮಾನಂದರು ಹುಟ್ಟಿದ್ದು ಬೀಜಾಡಿಯ ಕಡಲ ತೀರದ ಮೀನುಗಾರ ಮನೆಯಲ್ಲಿ. ಮೇಳ ಸೇರುವ ಮೊದಲು ದಡದ ಮೇಲೆ ನಿಂತು ರಂಪಣಿ ಬಲೆಯ ಹಗ್ಗ ಎಳೆದವರು. ಆ ಕೆಲಸ ಮಾಡಿದ ಯಾರ ಮೈಯಾದರೂ ಒಂದೇ ಬಗೆಯಲ್ಲಿ ಬೆಳೆಯುತ್ತದೆ: ಹೆಗಲು ಅಗಲ, ಸೊಂಟ ಸಪೂರ, ಹಿಮ್ಮಡಿ ಮರಳಿನಲ್ಲಿ ಹೂತರೆ ಅಲುಗುವುದಿಲ್ಲ. ಅಂಥ ಮೈಯನ್ನು ಹೊತ್ತುಕೊಂಡು ಅವರು ರಾಣಿಯ ಪಾತ್ರ ಕಲಿತರು. ನಾಟ್ಯ ಚುರುಕಾಗಿತ್ತು, ಮಾತು ಚೆನ್ನಾಗಿತ್ತು, ಆದರೆ ರೂಪ ಒದಗುತ್ತಿರಲಿಲ್ಲ. ಮೇಳದ ಹಾಸ್ಯಗಾರ ಐತ ದಿನಾ ಚುಡಾಯಿಸುತ್ತಿದ್ದರು.

"ನಿನ್ ರಾಣಿ ನಡ್ದ್ ಬಪ್ಪತ್ತಿಗೆ ಬಲಿ ಎಳೂಕೆ ಹೊರ್ಟಾಂಗ್ ಇರತ್ತ್ ಮಾರಾಯಾ. ರಾಜ ಹೆದ್ರಿ ಓಡದಿದ್ರೆ ಸಾಕ್."

1997ರ ಮಳೆಗಾಲದಲ್ಲಿ ಮೇಳಕ್ಕೆ ರಜೆ. ಮನೆಯಲ್ಲಿ ಮಗಳು ದೀಕ್ಷಾಳಿಗೆ ಕೆಪ್ಪಟ್ರಾಯ ಬಂತು. ಮಂಗನಬಾವು ಎಂದು ಬೇರೆ ಕಡೆ ಕರೆಯುವ ಕಾಯಿಲೆ. ಕೆನ್ನೆ ಊದಿ, ನಾಲ್ಕು ದಿನ ಗಂಜಿ ಕುಡಿದು ಮಗು ಎದ್ದು ಆಡತೊಡಗಿತು. ಅಪ್ಪನಿಗೆ ಅಂಟಿದ್ದು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಜ್ವರ ಏರಿತು, ಕೆನ್ನೆಯ ಬಾವು ಇಳಿಯುವ ಹೊತ್ತಿಗೆ ವೃಷಣಗಳೆರಡೂ ಊದಿಕೊಂಡವು. ಕೆನ್ನೆಗೆ ಹೆಂಡತಿ ಬಾಗಿ ಕೆಮ್ಮಣ್ಣು ಅರೆದು ಹಚ್ಚಿದಳು. ಇನ್ನೊಂದು ಬಾವಿನ ಸುದ್ದಿಯನ್ನು ಪ್ರೇಮಾನಂದರು ಅವಳಿಗೂ ಹೇಳಲಿಲ್ಲ. ಒದ್ದೆ ಬಟ್ಟೆ ಇಟ್ಟುಕೊಂಡು ಗೋಡೆ ಕಡೆ ತಿರುಗಿ ಮಲಗಿದರು. ಎರಡು ವಾರದಲ್ಲಿ ನೋವು ಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡರು.

ಮೈ ಬದಲಾದದ್ದು ನಿಧಾನವಾಗಿ. ಉಬ್ಬರದ ನೀರು ಹೊಳೆಗೆ ಏರಿದಂತೆ, ಏರುತ್ತಿರುವುದು ಕಾಣಿಸದೆ, ಒಂದು ದಿನ ನೋಡಿದರೆ ತುಂಬಿರುವಂತೆ. ಗಡ್ಡ ಮೊದಲು ದಿನ ಬಿಟ್ಟು ದಿನ ತೆಗೆದರೆ ಸಾಕು ಎನ್ನಿಸಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ನೆನಪಾದಾಗ. ಹೆಗಲಿನ ಕಟ್ಟು ಸಡಿಲಗೊಂಡು ಅದರ ಮೇಲೆ ಮೃದುವಾದ ಪದರ ಕೂತಿತು. ಸೊಂಟ, ತೊಡೆ, ಎದೆ ತುಂಬಿಕೊಂಡವು. ಐತ ಚುಡಾಯಿಸುವುದನ್ನು ನಿಲ್ಲಿಸಿ ಬೆರಗಾಗಿ ನೋಡತೊಡಗಿದರು. ಎರಡನೆಯ ಸ್ತ್ರೀವೇಷವಾಗಿದ್ದ ಪ್ರೇಮಾನಂದರು ಮೊದಲನೆಯವರಾದರು. ಮೇಳದ ಯಜಮಾನ ಚೆನ್ನಯ್ಯನವರು ಜಾಹೀರಾತಿನಲ್ಲಿ ಅವರ ಹೆಸರನ್ನು ಭಾಗವತರ ಹೆಸರಿನ ಪಕ್ಕಕ್ಕೆ ತಂದರು.

ಪ್ರೇಕ್ಷಕರಿಗೆ ಕಾಣದ ಬದಲಾವಣೆಗಳೂ ಇದ್ದವು. ಅವರಿಗೆ ಎಷ್ಟು ಮಲಗಿದರೂ ದಣಿವು ಹೋಗುತ್ತಿರಲಿಲ್ಲ. ಹೆಂಡತಿಯ ಹತ್ತಿರ ಹೋಗುವ ಆಸೆ ಎಣ್ಣೆ ಮುಗಿದ ದೀಪದಂತೆ ಸದ್ದಿಲ್ಲದೆ ಆರಿತು. ಅದನ್ನು ಅವರು ವ್ರತವೆಂದು ತಿಳಿದರು. ಸ್ತ್ರೀವೇಷ ಕಟ್ಟುವವನಿಗೆ ಅದೇ ಸರಿ ಎಂದು ತಮಗೆ ತಾವೇ ಹೇಳಿಕೊಂಡರು. ಬಾಗಿ ಏನೂ ಕೇಳಲಿಲ್ಲ. ಅವಳು ಕೋಟೇಶ್ವರದ ಮಾರುಕಟ್ಟೆಯಲ್ಲಿ ಮೀನು ಮಾರುವವಳು, ಅಲ್ಲಿ ನಾಲಗೆಗೆ ಬಾಗಿಲಿಲ್ಲ. "ಬಾಗಿ, ನಿನ್ ಸವ್ತಿ ನಿನ್ ಮನಿಲೇ ಇತ್ತಂಬ್ರಲೆ? ಸೀರಿ ಇಬ್ರಿಗೂ ಒಂದೇ ಸಾಕಾತ್ತಾ?" ಎಂದು ಪಕ್ಕದ ಬುಟ್ಟಿಯ ನಾಗು ಕೇಳಿದರೆ, "ರವ್ಕಿ ಮಾತ್ರ ಅವ್ರದ್ದೇ ದೊಡ್ಡದ್" ಎಂದು ಬಾಗಿಯೇ ಮೊದಲು ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಇನ್ನೊಂದು ತೊಂದರೆ ಹೊಟ್ಟೆಯದು. ಮೈ ತುಂಬುವುದು ರಾಣಿಗೆ ಬೇಕಾದಷ್ಟಕ್ಕೆ ನಿಲ್ಲಲಿಲ್ಲ. 2002ರ ಹೊತ್ತಿಗೆ ಸೀರೆಯ ನೆರಿಗೆ ಮುಂದಕ್ಕೆ ಉಬ್ಬುತ್ತಿತ್ತು. ಪ್ರೇಮಾನಂದರು ಸೋಮವಾರದ ಜೊತೆ ಶನಿವಾರವೂ ಉಪವಾಸ ಹಿಡಿದರು, ಅನ್ನ ಬಿಟ್ಟು ಗಂಜಿಗೆ ಇಳಿದರು, ಬೀಜಾಡಿಯ ಮರಳಿನಲ್ಲಿ ದಿನಾ ನಡೆದರು. ತೋಳು ತೊಡೆ ಸೊರಗಿದವೇ ಹೊರತು ಹೊಟ್ಟೆ ಒಂದು ಬೆರಳೂ ಇಳಿಯಲಿಲ್ಲ. ಮೀನುಗಾರರ ಮನೆಯಲ್ಲಿ ಗಂಡಸರು ಕಟ್ಟಿಕೊಳ್ಳುವ ಬೆಳ್ಳಿಯ ಉಡಿದಾರವನ್ನು ಅಕ್ಕಸಾಲಿ ಮೂರು ಸಲ ಕೊಂಡಿ ಸೇರಿಸಿ ಉದ್ದ ಮಾಡಿಕೊಟ್ಟಿದ್ದ.

2005ರ ಮಾರ್ಚ್. ಬ್ರಹ್ಮಾವರದಲ್ಲಿ ಆಟ. ಮಧ್ಯಾಹ್ನ ರಂಗಸ್ಥಳ ಕಟ್ಟುವುದನ್ನು ನೋಡುತ್ತ ನಿಂತಿದ್ದ ಪ್ರೇಮಾನಂದರು ಮೊಣಕಾಲೆತ್ತರದ ಹಲಗೆಯಿಂದ ಕೆಳಗೆ ಕಾಲಿಟ್ಟು ಜಾರಿದರು. ಮಗುವೂ ಎದ್ದು ಮಣ್ಣು ಕೊಡವಿಕೊಂಡು ಹೋಗುವಷ್ಟು ಸಣ್ಣ ಪೆಟ್ಟು. ಊರಿದ ಕೈ ಮಣಿಕಟ್ಟಿನಲ್ಲಿ ಮುರಿಯಿತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಚೀಟಿಯಲ್ಲಿ ಬರೆದ ವಯಸ್ಸನ್ನು ಎರಡು ಸಲ ನೋಡಿದರು. ಮೂವತ್ತೈದು ವರ್ಷದ ಗಂಡಸಿನ ಮೂಳೆ ಎಪ್ಪತ್ತರ ಅಜ್ಜಿಯದರಂತೆ ಟೊಳ್ಳಾಗಿ ಕಾಣುತ್ತಿತ್ತು. ಪಟ್ಟಿ ಹಾಕಿ, ಹಾರ್ಮೋನುಗಳ ತಜ್ಞೆಯೊಬ್ಬರ ಹೆಸರು ಬರೆದುಕೊಟ್ಟು ಕಳಿಸಿದರು.

ಆ ತಜ್ಞೆ ಡಾ. ಸುಪ್ರೀತಾ. ಹಟ್ಟಿಯಂಗಡಿಯ ಹೆಣ್ಣುಮಗಳು, ಹಾಗಾಗಿ ರೋಗಿಗಳ ಜೊತೆ ಊರಿನ ಮಾತಿನಲ್ಲೇ ಮಾತಾಡುತ್ತಿದ್ದರು. ಪ್ರೇಮಾನಂದರನ್ನು ಕೂರಿಸಿ ಅವರು ಕೇಳಿದ ಮೊದಲ ಪ್ರಶ್ನೆ ಮೂಳೆಯ ಬಗ್ಗೆ ಆಗಿರಲಿಲ್ಲ.

"ಗಡ್ಡ ಎಷ್ಟ್ ದಿನಕ್ಕೊಂದ್ ಸಲ ತೆಗಿತ್ರಿ?"

ಪ್ರೇಮಾನಂದರ ಮುಖ ಅರಳಿತು. ಇದಕ್ಕೆ ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿತ್ತು. "ನಂಗ್ ಆ ಕಿರಿಕಿರಿ ಇಲ್ಲೆ ಡಾಕ್ಟ್ರೇ. ತಿಂಗ್ಳಿಗೊಂದ್ ಸಲ ಆದ್ರೆ ಆಯ್ತ್. ವೇಷ ಮೈಗೆ ಹಿಡ್ದಿತ್ತ್."

ಡಾಕ್ಟರು ನಗಲಿಲ್ಲ. "ಅದ್ಕಿಂತ ಮುಂಚೆ ಕೆಪ್ಪಟ್ರಾಯ ಆಯಿತ್ತಾ? ಆದತ್ತಿಗೆ ಕೆಳಗೂ ಬಾತಿತ್ತಾ?"

ಪ್ರೇಮಾನಂದರು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡರು. "ಬಾತಿತ್ತ್."

"ನಂಗ್ ಹೇಳಿದ್ದೇ ಇಲ್ಲೆ ಅಲ್ದಾ ನೀವ್!" ಎಂದಳು ಪಕ್ಕದಲ್ಲಿದ್ದ ಬಾಗಿ.

"ನಿಂಗ್ ಹೇಳ್ರೆ ಮೀನ್ ಮಾರ್ಕೆಟಿಗೆಲ್ಲ ಗೊತ್ತಾತಿತ್ತ್."

ರಕ್ತ ಪರೀಕ್ಷೆ ಉಳಿದದ್ದನ್ನು ಹೇಳಿತು. ದೊಡ್ಡವರಾದ ಮೇಲೆ ಮಂಗನಬಾವು ಬಂದ ಗಂಡಸರಲ್ಲಿ ಕೆಲವರಿಗೆ ಬಾವು ವೃಷಣಕ್ಕೆ ಇಳಿಯುತ್ತದೆ. ಎರಡೂ ಕಡೆ ಇಳಿದರೆ, ಅಪರೂಪಕ್ಕೆ, ಗ್ರಂಥಿ ಬತ್ತಿಹೋಗುತ್ತದೆ. ಪ್ರೇಮಾನಂದರ ದೇಹ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನನ್ನು ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು. ಗಂಡಸುತನದ ಲಕ್ಷಣಗಳನ್ನು ತರುವ ಆ್ಯಂಡ್ರೊಜನ್‌ಗಳೆಂಬ ಹಾರ್ಮೋನುಗಳಲ್ಲಿ ಇದು ಮುಖ್ಯವಾದದ್ದು. ಆರೋಗ್ಯವಂತ ಗಂಡಸಿನ ಮೈ ದಿನವೊಂದಕ್ಕೆ ತಯಾರಿಸುವ ಟೆಸ್ಟೊಸ್ಟೆರಾನನ್ನು ಒಟ್ಟು ಮಾಡಿ ತೂಗಿದರೆ ಅದು ಒಂದು ಅಕ್ಕಿಕಾಳಿನ ಅರ್ಧದಷ್ಟೂ ಬರುವುದಿಲ್ಲ. ಅಷ್ಟು ಇಲ್ಲದೆ ಹೋದದ್ದಕ್ಕೆ ಬಲೆ ಎಳೆಯುವವನ ಮೈ ರಾಣಿಯ ಮೈಯಾಗಿತ್ತು.

ಬಾಗಿಗೆ ಅರ್ಥವಾಗಲೆಂದು ಡಾಕ್ಟರು ಮೀನಿನ ದೋಣಿ ಬಂದು ನಿಲ್ಲುವ ದಕ್ಕೆಯ ಉದಾಹರಣೆ ತೆಗೆದರು. ದೋಣಿಯಿಂದ ಇಳಿದ ಮೀನು ಒಂದೇ. ಯಾವ ರಾಶಿ ಮಾರುಕಟ್ಟೆಗೆ, ಯಾವುದು ಐಸಿನ ಕೋಣೆಗೆ ಎಂದು ಕೂಗಿ ಹೇಳುವವನು ಒಬ್ಬನಿರುತ್ತಾನೆ. ಅವನು ಒಂದು ದಿನ ಬರದಿದ್ದರೆ? ಎಲ್ಲ ಮೀನೂ ಐಸಿಗೆ ಹೋಗಿ ಬೀಳುತ್ತದೆ. ಉಂಡ ಅನ್ನದ್ದೂ ಹಾಗೆಯೇ. ಸ್ನಾಯುವಾಗಬಲ್ಲ, ಕೊಬ್ಬಿನ ಚೀಲವೂ ಆಗಬಲ್ಲ ಎಳೆಯ ಜೀವಕೋಶಗಳು ಮೈಯಲ್ಲಿ ಇರುತ್ತವೆ. ಆ್ಯಂಡ್ರೊಜನ್ ಅವನ್ನು ಸ್ನಾಯುವಿನ ದಾರಿಗೆ ಹಚ್ಚುತ್ತದೆ. ತುಂಬಿದ ಕೊಬ್ಬಿನ ಚೀಲಗಳಿಗೆ, ಮೈ ದುಡಿಯುವಾಗ ಬಾಯಿ ಬಿಚ್ಚಿ ಕೊಡು ಎಂದು ಹೇಳುವುದರಲ್ಲೂ ಅದರ ಪಾತ್ರವಿದೆ. ಅದಿಲ್ಲದಿದ್ದರೆ ಚೀಲ ತುಂಬುತ್ತ ಹೋಗುತ್ತದೆ, ಬಿಚ್ಚುವುದು ಕಡಿಮೆ. ಉಪವಾಸ ಮಾಡಿದರೆ ಸ್ನಾಯು ಕರಗುತ್ತದೆ, ಹೊಟ್ಟೆ ಕೂತಲ್ಲೇ ಇರುತ್ತದೆ. ಸಾಲದ್ದಕ್ಕೆ ಕೊಬ್ಬು ತಾನೇ ಒಂದು ಸಣ್ಣ ಕಾರ್ಖಾನೆ. ಉಳಿದಿರುವ ಚೂರುಪಾರು ಆ್ಯಂಡ್ರೊಜನನ್ನೂ ಹೆಣ್ಣಿನ ಹಾರ್ಮೋನಾಗಿ ಮಾರ್ಪಡಿಸುತ್ತದೆ.

"ಹಾಂಗಾರೆ ಇವ್ರ್ ಎರಡ್ ದಿನ ಉಪಾಸ ಕೂತದ್ದೆಲ್ಲ?" ಎಂದಳು ಬಾಗಿ.

"ಹೊಟ್ಟಿಗೆ ಗೊತ್ತೇ ಆಯ್ಲ್ಯಾ" ಎಂದರು ಡಾಕ್ಟರು.

ಮದ್ದಿತ್ತು. ಎಣ್ಣೆಯಲ್ಲಿ ಕರಗಿಸಿದ ಟೆಸ್ಟೊಸ್ಟೆರಾನನ್ನು ಮೂರು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳಬೇಕು, ಬಹುಶಃ ಜೀವಮಾನವಿಡೀ. ಪ್ರೇಮಾನಂದರು ಎರಡೇ ಪ್ರಶ್ನೆ ಕೇಳಿದರು.

"ಗಡ್ಡ ಬತ್ತಾ?"

"ಬತ್ತ್."

"ಸೊಂಟ?"

"ಇಳಿತ್ತ್. ಹೊಟ್ಟಿ, ಸೊಂಟ, ಎರಡೂ. ನಿಮ್ ರಾಣಿ ಹೋತ್ಲ್. ಮೂಳೆ ಉಳಿತ್ತ್. ಈಗ ಕೈ ಮುರ್ದದ್ದ್, ನಾಳೆ ಬೆನ್ನಾಪುದ್."

ಪ್ರೇಮಾನಂದರು ಆಲೋಚಿಸಿ ಹೇಳುತ್ತೇನೆಂದು ಎದ್ದು ಬಂದರು. ಆಲೋಚಿಸುವುದಕ್ಕೆ ಇದ್ದದ್ದು ಒಂದೇ ವಿಷಯ. ಹದಿನೇಳನೆಯ ವಯಸ್ಸಿನಿಂದ ಅವರು ಕಟ್ಟಿದ್ದು ಒಂದೇ ವೇಷ, ಊರೂರು ಅವರನ್ನು ಗುರುತಿಸುವುದೂ ಅದರಿಂದಲೇ. ಮದ್ದು ಹಿಡಿದರೆ ಅದು ಹೋಗುತ್ತದೆ. ಬಿಟ್ಟರೆ, ವೇಷವೂ ಬಹಳ ಕಾಲ ನಿಲ್ಲದಂತೆ ಮೈಯೇ ಕುಸಿಯುತ್ತದೆ.

ಮಳೆಗಾಲ ಶುರುವಾದಾಗ ಮೇಳದ ಯಜಮಾನರು ಕಲಾವಿದರ ಮನೆಮನೆಗೆ ಹೋಗಿ ಮುಂದಿನ ತಿರುಗಾಟಕ್ಕೆ ವೀಳ್ಯ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವುದು ರೂಢಿ. ಜೂನಿನ ಒಂದು ಬೆಳಿಗ್ಗೆ ಚೆನ್ನಯ್ಯನವರು ಕೊಡೆ ಮಡಚುತ್ತ ಬೀಜಾಡಿಗೆ ಬಂದರು. ಸೂಜಿಯ ಮಾತು ಅವರ ಕಿವಿಗೆ ಆಗಲೇ ಬಿದ್ದಿತ್ತು.

"ಎಂತ ಮಾರಾಯಾ, ಮರ್ಲಾ ನಿಂಗೆ? ದೇವ್ರ್ ಕೊಟ್ಟದ್ದನ್ನ ಸೂಜಿ ಹಾಕಿ ತೆಗಿತ್ಯಾ? ಇಂಥ ರೂಪಕ್ಕೆ ಬೇರೆಯವ್ರ್ ತಪಸ್ಸ್ ಮಾಡ್ತ್ರ್."

ಒಳಗೆ ಬಂಗುಡೆ ಕೊಯ್ಯುತ್ತಿದ್ದ ಬಾಗಿ ಕೈ ತೊಳೆಯದೆಯೇ ಹೊರಬಂದಳು.

"ಯಜಮಾನ್ರೇ, ದೇವ್ರ್ ಕೊಟ್ಟದ್ದಲ್ಲ ಅದ್. ಕೆಪ್ಪಟ್ರಾಯ ಕೊಟ್ಟದ್. ಆರ್ ತಿಂಗ್ಳ್ ಆಟ ಆಡ್ಸಿ ನೀವ್ ಮನಿಗ್ ಕಳ್ಸ್ತ್ರಿ. ಬಚ್ಚಲಿಗೆ ಗ್ವಾಡಿ ಹಿಡ್ಕಂಡ್ ಹೋಪು ರಾಣಿನ ಮಳಿಗಾಲ ಇಡೀ ಕಾಂಬುದ್ ನಾನ್. ಬೆನ್ ಮುರ್ದ್ ಬಿದ್ರೆ ನಿಮ್ ಡೇರಿಲಿ ಮಲ್ಗ್ಸಿ ಸಾಕ್ತ್ರಾ?"

ಚೆನ್ನಯ್ಯ ವೀಳ್ಯದ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಚಾ ಕುಡಿಯದೆ ಹೋದರು. ಮರುದಿನ ಪ್ರೇಮಾನಂದರು ಕೋಟೇಶ್ವರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮೊದಲ ಸೂಜಿ ಹಾಕಿಸಿಕೊಂಡರು. ಮಂದವಾದ ಎಣ್ಣೆ, ನರ್ಸು ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ನಿಧಾನವಾಗಿ ಒತ್ತಿದಳು. ಕುಂಡೆಯಲ್ಲಿ ಎರಡು ದಿನ ನೋವಿತ್ತು. ಮೊದಲ ವಾರಗಳಲ್ಲಿ ಬೇರೇನೂ ಆಗಲಿಲ್ಲ.

ಅಲ್ಲಿಂದ ಮುಂದೆ ಆದದ್ದನ್ನು ನೋಡಿದವರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. ಎರಡನೆಯ ಸೂಜಿಯ ನಂತರ ಪ್ರೇಮಾನಂದರು ಬೆಳಿಗ್ಗೆ ತಾವಾಗಿ ಎದ್ದರು. ಹಗಲಿನ ನಿದ್ದೆ ಬಿಟ್ಟಿತು. ಬಾವಿಯ ಕೊಡ ಎತ್ತುವಾಗ ನಡುವೆ ನಿಲ್ಲುವುದು ತಪ್ಪಿತು. ಮೂವತ್ತೈದರ ಮುಖದ ಮೇಲೆ ಹದಿನೈದರ ಮೊಡವೆ ಎದ್ದವು. ತುಟಿಯ ಮೇಲೆ ಕಪ್ಪು ನೆರಳು, ಗಲ್ಲದ ಮೇಲೆ ಅಲ್ಲಲ್ಲಿ ಮುಳ್ಳು. ಮನೆಯವರು ಬೈದರೆ ಸುಮ್ಮನೆ ಕೇಳುತ್ತಿದ್ದವರು ತಿರುಗಿ ಬೈಯತೊಡಗಿದರು. ಬಾಗಿ ಅದನ್ನೂ ಲಾಭದ ಲೆಕ್ಕಕ್ಕೇ ಸೇರಿಸಿದಳು.

ಆಗಸ್ಟಿನಲ್ಲಿ ಉಡಿದಾರ ಸಡಿಲವಾಯಿತು. ಮೊದಲು ಹೊಕ್ಕುಳ ಕೆಳಗೆ ಜಾರಿತು, ಆಮೇಲೆ ನಡೆಯುವಾಗ ಕೈಯಿಂದ ಹಿಡಿದುಕೊಳ್ಳಬೇಕಾಯಿತು. ಅದೇ ಅಕ್ಕಸಾಲಿ ತಾನೇ ಸೇರಿಸಿದ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿದ. ಪ್ರೇಮಾನಂದರು ಗಂಜಿಯಿಂದ ಮತ್ತೆ ಅನ್ನಕ್ಕೆ ಬಂದಿದ್ದರು, ಉಪವಾಸ ನಿಂತಿತ್ತು, ಬಾಗಿ ಮೀನು ಎರಡು ಹೊತ್ತೂ ಬಡಿಸುತ್ತಿದ್ದಳು. ಹಸಿದಾಗ ಕರಗದ ಹೊಟ್ಟೆ ಉಣ್ಣುವಾಗ ಕರಗುತ್ತಿತ್ತು. ಆಸ್ಪತ್ರೆಯ ತಕ್ಕಡಿ ಇನ್ನೂ ವಿಚಿತ್ರವಾದದ್ದನ್ನು ತೋರಿಸಿತು: ಇಳಿದ ತೂಕ ಎರಡೋ ಮೂರೋ ಕಿಲೋ ಅಷ್ಟೇ.

"ಹೊಟ್ಟಿ ಇಷ್ಟ್ ಇಳಿದಿತ್ತ್, ತೂಕ ಎಂತಕ್ಕೆ ಇಳೂದಿಲ್ಲೆ?" ಎಂದು ಬಾಗಿ ಕೇಳಿದಳು.

ಡಾ. ಸುಪ್ರೀತಾ ಪ್ರೇಮಾನಂದರ ಹೆಗಲಿನ ಮೇಲೆ ಬೆರಳು ಒತ್ತಿ ತೋರಿಸಿದರು. ಕೊಬ್ಬು ಹೋದ ತೂಕಕ್ಕೆ ಸ್ನಾಯು ಬಂದು ಕೂತಿತ್ತು. ಹಗ್ಗ ಎಳೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಹೆಗಲು, ಬರಿಯ ಮನೆಗೆಲಸ ಮತ್ತು ಎಣ್ಣೆಯ ಮದ್ದಿನಲ್ಲಿ ತನ್ನ ಹಳೆಯ ಆಕಾರದ ಕಡೆಗೆ ಹೊರಟಿತ್ತು. ಎಲ್ಲವೂ ಹಿಂದಕ್ಕೆ ಬರಲಿಲ್ಲ. ಎದೆಯಲ್ಲಿ ಬೆಳೆದಿದ್ದ ಗಂಟು ಸಣ್ಣದಾಯಿತೇ ಹೊರತು ಹೋಗಲಿಲ್ಲ. ಮೂಳೆಗೆ ಇನ್ನೂ ಎರಡು ವರ್ಷ ಬೇಕು ಎಂದರು ಡಾಕ್ಟರು. ಮದ್ದಿನಿಂದ ರಕ್ತ ದಪ್ಪವಾಗುತ್ತಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿದ್ದರು.

ಈ ಕರಗಿದ ಹೊಟ್ಟೆಯ ಸುದ್ದಿ ಬಹಳ ದೂರ ಹೋಯಿತು. 2012ರ ಸುಮಾರಿಗೆ ಕುಂದಾಪುರದ ಜಿಮ್ಮಿನ ತರುಣರಿಬ್ಬರು ಬೈಕಿನಲ್ಲಿ ಬೀಜಾಡಿಗೆ ಬಂದು, ಆ ಸೂಜಿಯ ಹೆಸರೇನು ಅಂಕಲ್ ಎಂದು ಕೇಳಿದ್ದುಂಟು. ಡಾಕ್ಟರಿಂದ ಕೇಳಿ ತಿಳಿದದ್ದನ್ನು ಪ್ರೇಮಾನಂದರು ತಮ್ಮ ಮಾತಿನಲ್ಲಿ ಹೇಳಿದರು: "ನಂದ್ ಬತ್ತಿದ್ ಬಾವಿ ಮಕ್ಳೇ, ಅದ್ಕೆ ಟ್ಯಾಂಕರ್ ನೀರ್. ನಿಮ್ದ್ ತುಂಬಿದ್ ಬಾವಿ. ಹೊರಗಿಂದ ನೀರ್ ತುಂಬ್ಸ್ರೆ ಒಳಗಿನ ಒರತೆ ನಿಂತ್ ಹೋತ್ತ್. ಮತ್ತೆ ನಂಗಾದಾಂಗೇ ಆತ್ತ್ ನಿಮ್ಗೂ." ಅವರಲ್ಲಿ ಪ್ರವೀಣ್ ಎಂಬವನು ಸೂಜಿಯ ಹೆಸರು ಹೇಳದಿದ್ದರೆ ಬೇಡ, ಹೆದರಿಸುವುದು ಯಾಕೆ ಎಂದು ಗೊಣಗುತ್ತ ಬೈಕು ತಿರುಗಿಸಿದ.

2005ರ ನವೆಂಬರಿನಲ್ಲಿ ತಿರುಗಾಟ ಶುರುವಾಯಿತು. ವೀಳ್ಯದ ತಟ್ಟೆ ವಾಪಸು ಹೋಗಿರಲಿಲ್ಲ, ಆದ್ದರಿಂದ ಪ್ರೇಮಾನಂದರು ಮೇಳಕ್ಕೆ ಹೊರಟರು. ಶಿರೂರಿನಲ್ಲಿ ಮೊದಲ ದೊಡ್ಡ ಆಟ. ಚೌ‌ಕಿಯಲ್ಲಿ ಅವರು ಎಲ್ಲರ ಸಾಲಿನಲ್ಲಿ ಕೂತು ಕೆನ್ನೆಗೆ ಸೋಪು ಹಚ್ಚಿದರು.

"ಓ ದೇವ್ರೇ! ರಾಣಿಗ್ ಮೀಸಿ ಬಂತಲ್ರಾ!" ಎಂದರು ಐತ. "ಹ್ವಾಯ್, ನಂಗೊಂಚೂರ್ ಆ ಎಣ್ಣಿ ಕೊಡ್, ತಲಿಗ್ ಹಚ್ಚಿ ಕಾಂತೆ."

ಬಟ್ಟೆಯ ಉಂಡೆ ಇಟ್ಟು ರವಿಕೆ ಕಟ್ಟಿದರು, ಸೊಂಟಕ್ಕೆ ಸೀರೆಯ ಮಡಿಕೆ ಸುತ್ತಿದರು. ನಾಟ್ಯದಲ್ಲಿ ತಪ್ಪಿರಲಿಲ್ಲ, ಮಾತು ಹಿಂದಿನದೇ. ಆದರೆ ಜನ ಬಂದದ್ದು ಬೇರೊಂದು ಮೈಯನ್ನು ನೋಡಲು. ಸಂಜೆಯ ಮೊದಲ ಪ್ರಸಂಗದಲ್ಲಿ ರಾಣಿ ಪರದೆ ಸರಿಸಿ ಬಂದು ನಿಂತಾಗ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು.

"ಹ್ವಾಯ್, ರಾಣಿ ಬಪ್ಪುಕಾಗ್ದೆ ಅಣ್ಣನ್ ಕಳ್ಸಿದ್ಲಾ?"

ಡೇರೆಯಿಡೀ ನಕ್ಕಿತು. ಹಾಸ್ಯಗಾರ ಐತರಿಗೂ ಅಷ್ಟು ದೊಡ್ಡ ನಗು ಆ ವರ್ಷ ಸಿಕ್ಕಿರಲಿಲ್ಲ.

ಮರುದಿನ ಬೈಂದೂರಿನ ಹೋಟೆಲಿನಲ್ಲಿ ಚೆನ್ನಯ್ಯ ಅವರನ್ನು ಎದುರು ಕೂರಿಸಿಕೊಂಡರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ತಿರುಗಾಟ ಮುಗೂವರಿಗೆ ಸೂಜಿ ನಿಲ್ಸ್. ಆಮೇಲ್ ತಕೋ. ಮಳಿಗಾಲಕ್ಕ್ ಗಂಡ್ಸಾಯಿರ್, ಆಟಕ್ಕ್ ಹೆಂಗ್ಸಾಯಿರ್. ಯಾರ್ ಕೇಂತ್ರ್?"

ಪ್ರೇಮಾನಂದರು ಒಪ್ಪಿದರು. ಬಾಗಿಗೆ ತಿಳಿಸಲಿಲ್ಲ. ಮುಂದಿನ ಸೂಜಿಯ ವಾರ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಬ್ಲೇಡು ಮುಟ್ಟುವ ದಿನಗಳ ನಡುವೆ ಮತ್ತೆ ಅಂತರ ಬಂತು, ಚೆನ್ನಯ್ಯನವರ ಮುಖ ತಿಳಿಯಾಯಿತು. ಆದರೆ ರೂಪ ಮರಳುವ ಮೊದಲೇ ಹಳೆಯ ದಣಿವು ಮರಳಿತು. ಎಂಟು ವರ್ಷ ಅದರೊಳಗೇ ಬದುಕಿದ್ದಾಗ ಅದು ದಣಿವೆಂದೇ ಗೊತ್ತಿರಲಿಲ್ಲ. ಒಂದು ಮಳೆಗಾಲ ಅದರಿಂದ ಹೊರಗಿದ್ದು ಬಂದವರಿಗೆ ಈಗ ಸ್ಪಷ್ಟವಾಗಿ ಗೊತ್ತಾಯಿತು. ಹಟ್ಟಿಯಂಗಡಿಯಲ್ಲಿ ಒಂದು ಸಂಜೆ ರಂಗಸ್ಥಳದ ಹಲಗೆ ಹತ್ತುವಾಗ ಮೊಣಕಾಲು ನಡುಗಿತು. ಅವರು ಹತ್ತಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಚೆನ್ನಯ್ಯನವರನ್ನು ಕರೆಸಿದರು.

"ವೇಷ ಯತೀಶನಿಗ್ ಕೊಡಿ ಯಜಮಾನ್ರೇ. ನಾನ್ ನಾಳೆ ಸೂಜಿ ಹಾಕಂತೆ."

ಯತೀಶ್ ಎರಡನೆಯ ಸ್ತ್ರೀವೇಷದ ಹುಡುಗ. ಚೆನ್ನಯ್ಯ ಅವನನ್ನೊಮ್ಮೆ, ಪ್ರೇಮಾನಂದರನ್ನೊಮ್ಮೆ ನೋಡಿದರು.

"ಹೆಸ್ರ್ ಹೋತ್ತ್ ಕಾಣ್. ಮತ್ತೆ ಬಪ್ಪುದಿಲ್ಲೆ."

"ಹೋಯ್ಲಿ. ಹೆಸ್ರಿಗ್ ಕಾಲ್ ಬ್ಯಾಡ, ನಂಗ್ ಬೇಕ್."

ಹೆಸರು ಹೋಯಿತು. ಜಾಹೀರಾತಿನ ಮೇಲಿನ ಸಾಲಿನಿಂದ ಕೆಳಗಿಳಿದು, ಆ ವರ್ಷ ಮುಗಿಯುವ ಹೊತ್ತಿಗೆ 'ಮುಂತಾದವರು' ಎಂಬ ಪದದೊಳಗೆ ಸೇರಿಹೋಯಿತು. ಉಳಿದ ತಿರುಗಾಟವನ್ನು ಪ್ರೇಮಾನಂದರು ಬಾಗಿಲು ಕಾಯುವ ದೂತನಾಗಿ, ಓಲೆ ತರುವವನಾಗಿ ಕಳೆದರು. ಹಗಲು ಹೊತ್ತು ಚೌಕಿಯಲ್ಲಿ ಪುರುಷವೇಷದವರ ಹೆಜ್ಜೆಗಳನ್ನು ಹೊಸಬನಂತೆ ಕಲಿತರು. ಮಂಡಿಯೂರಿ ಗಿರಗಿರನೆ ತಿರುಗುವ ಕುಣಿತವನ್ನು ಮಾತ್ರ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದಿದ್ದರು, ನಿಂತು ಕುಣಿಯಬಹುದು.

2007ರ ಜನವರಿಯಲ್ಲಿ ಬ್ರಹ್ಮಾವರದಲ್ಲಿ ಮೇಳದ ಹೊಸ ಪ್ರಸಂಗ. ಸೋತ ಮೇಲೂ ಕೋಟೆ ಬಿಡದ ಒಬ್ಬ ಪಾಳೇಗಾರನ ವೇಷ ಪ್ರೇಮಾನಂದರಿಗೆ ಬಂತು. ಕುಣಿತ ಕಡಿಮೆ, ಮಾತು ಹೆಚ್ಚು. ಎದೆಗೆ ಮರದ ಕವಚ, ತಲೆಗೆ ದೊಡ್ಡ ಮುಂಡಾಸು ಕಟ್ಟಿದರು. ಎರಡು ವರ್ಷದ ಹಿಂದೆ ಅಷ್ಟು ಭಾರ ಹೊತ್ತಿದ್ದರೆ ಬೆನ್ನು ತಡೆಯುತ್ತಿರಲಿಲ್ಲ. ಬಾಗಿ ಮೀನಿನ ಬುಟ್ಟಿಯನ್ನು ನಾಗುವಿಗೆ ಒಪ್ಪಿಸಿ, ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಚೌಕಿಗೆ ಹೋಗಲಿಲ್ಲ. ನೆಲದ ಮೇಲೆ ಹಾಸಿದ ಚಾಪೆಯಲ್ಲಿ, ಹೆಂಗಸರ ನಡುವೆ ಮುಂದೆಯೇ ಕೂತಳು.

ಪರದೆ ಇಳಿಯಿತು. ಪಾಳೇಗಾರ ಬಂದು ರಂಗದ ನಡುವೆ ಕಾಲು ಅಗಲಿಸಿ ನಿಂತ. ಮೊದಲ ಮಾತು ಆಡಿದಾಗ ಚಾಪೆಯ ಮೇಲೆ ಕೂತವರೆಲ್ಲ ತಲೆಯೆತ್ತಿದರು. ಹದಿನೆಂಟು ವರ್ಷ ರಾಣಿಗಾಗಿ ಸಪೂರ ಮಾಡಿ ಎಳೆದಿದ್ದ ದನಿಯನ್ನು ಅವರು ಅದರ ಪಾಡಿಗೆ ಬಿಟ್ಟಿದ್ದರು. ಒಮ್ಮೆ ಬಲಿತ ಗಂಟಲು ಹಾರ್ಮೋನು ಬತ್ತಿದರೂ ಹಿಂದಕ್ಕೆ ಹೋಗುವುದಿಲ್ಲ. ಆ ದನಿ ಅಷ್ಟೂ ವರ್ಷ ಒಳಗೇ ಇತ್ತು, ಯಾರೂ ಕೇಳಿರಲಿಲ್ಲ. ಭಾಗವತರು ತಾಳ ಹಿಡಿದ ಕೈಯನ್ನು ಒಂದು ಕ್ಷಣ ಮರೆತು ಎದುರು ನೋಡಿದರು.

ಬಾಗಿಯ ಪಕ್ಕದಲ್ಲಿದ್ದ ಬ್ರಹ್ಮಾವರದ ಹೆಂಗಸು ಅವಳ ಮೊಣಕೈ ತಟ್ಟಿದಳು. "ಇದ್ ಯಾರ್ ಮಾರಾಯ್ತಿ? ಹೊಸ್ಬನಾ?"

"ಅಲ್ಲ, ಹಳ್ಬರೇ" ಎಂದಳು ಬಾಗಿ, ರಂಗದಿಂದ ಕಣ್ಣು ತೆಗೆಯದೆ. "ನಮ್ಮನಿಯವ್ರ್."

"ನಿಮ್ಮನಿಯವ್ರಾ? ಯಾವ್ ವೇಷ ಮಾಡ್ತಿದ್ರ್ ಮುಂಚೆ?"

"ಬೀಜಾಡಿ ಪ್ರೇಮಾನಂದ ಅಂದೇಳಿ. ರಾಣಿ ಮಾಡ್ತಿದ್ರ್."

ಆ ಹೆಂಗಸು ಬಾಗಿಯ ಮುಖ ನೋಡಿದಳು, ಅವಳು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ರಂಗದ ಕಡೆ ತಿರುಗಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಹಾಗೆಯೇ ನೋಡುತ್ತ ಕೂತಳು.